ಹೊಗೆಯನ್ನು ಬಿಡದ ಊರು

ಜರ್ಮನಿಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಬರ್ಲಿನ್, ಮ್ಯೂನಿಕ್, ಫ್ರಾಂಕ್‌ಫರ್ಟ್ ಮೊದಲಾದ ಮಹಾನಗರಗಳನ್ನು ಕಂಡು, ರೈನ್ ನದಿಯಲ್ಲಿ ಒಂದು ಹೊತ್ತಿನ ನೌಕಾವಿಹಾರವನ್ನು ಮುಗಿಸಿ ಹಿಂದಿರುಗುವುದು ವಾಡಿಕೆ. ನ್ಯೂರೆಂಬರ್ಗಿನಿಂದ ಉತ್ತರಕ್ಕೆ ಸುಮಾರು ೬೦ ಕಿಲೋಮೀಟರ್ ದೂರದಲ್ಲಿರುವ ಬಾಂಬೆರ್ಗ್ ಎಂಬ ಊರಿನ ಹೆಸರನ್ನು ಕೇಳಿದವರು ನಮ್ಮಲ್ಲಿ ವಿರಳ. ಕಾಸರಗೋಡು ಸೀಮೆಯವರಾದ ನಾವು ಮೂವರು, ಕಳೆದ ಸೆಪ್ಟೆಂಬರಿನಲ್ಲಿ, ಅಲ್ಲಿ ನಾಲ್ಕು ದಿನ ತಂಗಿದ್ದೆವು. ಆ ಊರು ಎರಡು ಸಂಗತಿಗಳಿಗೆ ಪ್ರಸಿದ್ಧ: ಒಂದು, ಸಾವಿರ ವರ್ಷಗಳ ಹಳಮೆಯನ್ನು ಉಳಿಸಿಕೊಂಡ ಅದರ ಬೀದಿಗಳು, ಇನ್ನೊಂದು, ಬಿಯರಿಗಾಗಿ ಅಲ್ಲಿ ಸಿದ್ಧವಾಗುವ ಮಾಲ್ಟ್, ಅಂದರೆ ಮೊಳೆಯಿಸಿ ಒಣಗಿಸಿದ ಬಾರ್ಲಿ.

ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ಬಿಯರಿನ ಊರಿನ ವರ್ಣನೆ ಏತಕ್ಕೆಂದು ಹಿರಿಯರು ಹುಬ್ಬೇರಿಸಬಹುದು. ಕುಡಿತದಿಂದ ಹಾಳಾದ ಸಂಸಾರಗಳನ್ನು ನಮ್ಮ ಊರುಗಳಲ್ಲಿ ನಾವೂ ಕಂಡವರೇ. ಪಾನದ ಪ್ರಶಂಸೆ ನಮ್ಮ ಉದ್ದೇಶವಲ್ಲ. ನಮ್ಮನ್ನು ಅಲ್ಲಿಗೆ ಸೆಳೆದುದು ಲೋಟದೊಳಗಿನ ದ್ರವವಲ್ಲ, ಅದರ ಹಿಂದಿರುವ ಧಾನ್ಯ. ಕಾಳೊಂದು ನೀರು ಕುಡಿದು, ಮೊಳೆತು, ಬೆಂಕಿಯ ಮುಂದೆ ನಿಂತು ಬೇರೊಂದೇ ವಸ್ತುವಾಗುವ ಕಥೆ ಕೃಷಿಕರಾದ ನಮಗೆ ಪರಕೀಯವೇನೂ ಅಲ್ಲ.

ನದಿಯ ನಡುವಿನ ಪುರಭವನ

ಬಾಂಬೆರ್ಗ್ ರೆಗ್ನಿಟ್ಸ್ ನದಿಯ ದಂಡೆಯಲ್ಲಿದೆ. ಊರು ದಾಟಿ ಸ್ವಲ್ಪ ದೂರ ಹರಿದು ಈ ನದಿ ಮೈನ್ ನದಿಯನ್ನು ಕೂಡುತ್ತದೆ. ಏಳು ಗುಡ್ಡಗಳ ಮೇಲೆ ಹಬ್ಬಿದ ಊರಾದುದರಿಂದ ಇದನ್ನು ರೋಮಿಗೆ ಹೋಲಿಸುವವರುಂಟು. ಚಕ್ರವರ್ತಿ ಎರಡನೆಯ ಹೆನ್ರಿ ೧೦೦೭ರಲ್ಲಿ ಇಲ್ಲಿ ಬಿಷಪ್ಪರ ಪೀಠವನ್ನು ಸ್ಥಾಪಿಸಿದನು. ೧೦೧೨ರಲ್ಲಿ ಪ್ರತಿಷ್ಠೆಗೊಂಡ ಮೊದಲ ಕೆಥೆಡ್ರಲ್ ಬೆಂಕಿಗೆ ಆಹುತಿಯಾಗಿ, ಈಗ ಕಾಣುವ ನಾಲ್ಕು ಗೋಪುರಗಳ ಕಟ್ಟಡ ೧೩ನೆಯ ಶತಮಾನದ್ದು. ಹೆನ್ರಿಯೂ ಅವನ ರಾಣಿ ಕುನಿಗುಂಡೆಯೂ ಅಲ್ಲಿಯೇ ಒಂದೇ ಸಮಾಧಿಯಲ್ಲಿ ಮಲಗಿದ್ದಾರೆ. ಅದರ ಮೇಲಿನ ಕೆತ್ತನೆ ಟಿಲ್‌ಮನ್ ರೀಮೆನ್‌ಶ್ನೈಡರ್ ಎಂಬ ಶಿಲ್ಪಿಯ ಕೈವಾಡ. ಎರಡನೆಯ ಮಹಾಯುದ್ಧದಲ್ಲಿ ಹೆಚ್ಚಿನ ಹಾನಿಗೊಳಗಾಗದೆ ಉಳಿದ ಈ ಹಳೆಯ ನಗರವನ್ನು ಯುನೆಸ್ಕೊ ೧೯೯೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಮನಸ್ಸನ್ನು ಬಹುವಾಗಿ ಹಿಡಿದುದು ಇಲ್ಲಿನ ಹಳೆಯ ಪುರಭವನ. ಅದು ದಂಡೆಯ ಮೇಲಿಲ್ಲ, ನದಿಯ ನಟ್ಟನಡುವೆ ಇದೆ. ಗುಡ್ಡದ ಮೇಲಿನದು ಬಿಷಪ್ಪರ ಊರು, ಕೆಳಗಿನ ನಡುಗಡ್ಡೆಯದು ವರ್ತಕರ, ಕಸಬುದಾರರ ಊರು. ಪುರಭವನ ಕಟ್ಟಲು ಬಿಷಪ್ಪರು ಒಂದಡಿ ನೆಲವನ್ನೂ ಕೊಡದಿದ್ದಾಗ ನಾಗರಿಕರು ನೀರಿನಲ್ಲಿಯೇ ಮರದ ಕಂಬಗಳನ್ನು ಹೂಳಿ, ತಮ್ಮದೇ ದ್ವೀಪವನ್ನು ಮಾಡಿಕೊಂಡು, ಅದರ ಮೇಲೆ ಭವನವನ್ನು ಎತ್ತಿದರೆಂದು ಐತಿಹ್ಯ. ಎರಡು ಅಧಿಕಾರಗಳ ಗಡಿಯ ಮೇಲೆಯೇ ನಿಂತ ಆ ಕಟ್ಟಡದ ಕಮಾನಿನ ಕೆಳಗೆ ನಾವು ಬಹಳ ಹೊತ್ತು ನಿಂತೆವು. ಗಡಿಯಲ್ಲಿ ಮನೆ ಕಟ್ಟಿಕೊಂಡವರಿಗೆ ಆ ನಿಲುವಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಕೆಥೆಡ್ರಲ್ಲಿನ ವೈಭವಕ್ಕಿಂತ ಬೇರೆಯಾದ ಇನ್ನೊಂದು ಬಾಂಬೆರ್ಗ್ ಉಂಟು. ಅದು ತೋಟಗಾರರ ಕೇರಿ. ಮನೆಗಳ ಸಾಲಿನ ಹಿಂದೆ, ನಗರದ ಒಡಲಿನಲ್ಲಿಯೇ, ಉದ್ದುದ್ದನೆಯ ತರಕಾರಿ ಗದ್ದೆಗಳು. ಈರುಳ್ಳಿಯ ಕೃಷಿಗೆ ಈ ಕೇರಿ ಎಷ್ಟು ಹೆಸರಾಗಿತ್ತೆಂದರೆ ಊರಿನವರಿಗೆಲ್ಲ ‘ಈರುಳ್ಳಿ ತುಳಿಯುವವರು’ ಎಂಬ ಅಡ್ಡಹೆಸರು ಬಿದ್ದಿದೆ. ಒಂದೊಂದು ಅಂಗುಲ ನೆಲಕ್ಕೂ ಬೆಲೆ ಕಟ್ಟುವ ಈ ಕಾಲದಲ್ಲಿ ನಗರದ ಮಧ್ಯೆ ಗುದ್ದಲಿ ಹಿಡಿದ ಜನರನ್ನು ಕಂಡು ನಮಗೆ ಆನಂದವಾಯಿತು.

ನೇಜಿಯ ಭತ್ತವೂ ಮಾಲ್ಟಿನ ಬಾರ್ಲಿಯೂ

ಮಾಲ್ಟ್ ಎಂದರೇನು? ನಮ್ಮ ರೈತರಿಗೆ ಇದನ್ನು ಹೇಳುವುದು ಸುಲಭ. ನೇಜಿ ಹಾಕುವ ಮೊದಲು ಬಿತ್ತನೆಯ ಭತ್ತವನ್ನು ನೀರಿನಲ್ಲಿ ನೆನೆಯಿಸಿ, ಬಸಿದು, ಮೂಟೆಯಲ್ಲಿ ಬೆಚ್ಚಗೆ ಇಟ್ಟು ಮೊಳಕೆ ಬರಿಸುತ್ತೇವಲ್ಲವೆ? ಮೂಟೆಯೊಳಕ್ಕೆ ಕೈ ಹಾಕಿದರೆ ಜ್ವರ ಬಂದ ಮೈಯಂತೆ ಬಿಸಿ ತಾಗುತ್ತದೆ. ಕಾಳಿನೊಳಗೆ ಜೀವ ಎಚ್ಚತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಮಾಲ್ಟ್ ಮಾಡುವವನೂ ಬಾರ್ಲಿಗೆ ಇಷ್ಟನ್ನೇ ಮಾಡುತ್ತಾನೆ. ಸುಮಾರು ಎರಡು ದಿನ ನೆನೆಯಿಸುತ್ತಾನೆ. ನಡುನಡುವೆ ನೀರನ್ನು ತೆಗೆದು ಕಾಳಿಗೆ ಉಸಿರಾಡಲು ಗಾಳಿ ಕೊಡುತ್ತಾನೆ. ಕಾಳಿನ ತೂಕದಲ್ಲಿ ನೀರಿನ ಪಾಲು ಶೇಕಡ ೪೨ರಿಂದ ೪೬ರಷ್ಟಾದಾಗ ಅದನ್ನು ತಂಪಾದ ಅಂಗಣದಲ್ಲಿಯೋ ದೊಡ್ಡ ತೊಟ್ಟಿಗಳಲ್ಲಿಯೋ ಹರಡಿ, ನಾಲ್ಕಾರು ದಿನ ಮೊಳೆಯಲು ಬಿಡುತ್ತಾನೆ. ಬೇರುಗಳು ಹೆಣೆದುಕೊಂಡು ಗಂಟಾಗದಂತೆಯೂ ಬಿಸಿ ಏರದಂತೆಯೂ ರಾಶಿಯನ್ನು ಮಗುಚುತ್ತಿರಬೇಕು.

ಇಲ್ಲಿಂದ ಮುಂದೆ ರೈತನ ದಾರಿಯೂ ಮಾಲ್ಟಿನವನ ದಾರಿಯೂ ಬೇರೆಯಾಗುತ್ತವೆ. ಮೊಳೆಯುವ ಕಾಳು ತನ್ನ ಹಿಟ್ಟನ್ನು ಸಕ್ಕರೆಯಾಗಿಸಿಕೊಳ್ಳಲು ಕಿಣ್ವಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ರೈತನು ಆ ಶಕ್ತಿಯನ್ನು ಸಸಿಗೆ ಬಿಟ್ಟುಕೊಡುತ್ತಾನೆ. ಮಾಲ್ಟಿನವನು ಕಿಣ್ವಗಳು ಸಿದ್ಧವಾಗಿ, ಹಿಟ್ಟು ಇನ್ನೂ ವ್ಯಯವಾಗದಿರುವ ಗಳಿಗೆಯನ್ನು ಕಾದು, ಬಿಸಿಗಾಳಿಯಿಂದ ಮೊಳಕೆಯನ್ನು ತಡೆದು ನಿಲ್ಲಿಸುತ್ತಾನೆ. ಹಾಗೆ ಒಣಗಿದ ಕಾಳು ತಿಂಗಳುಗಟ್ಟಲೆ ಕೆಡದು. ಅದನ್ನು ತರಿತರಿಯಾಗಿ ಒಡೆದು, ಸುಮಾರು ೬೨ರಿಂದ ೭೨ ಡಿಗ್ರಿ ಬಿಸಿಯ ನೀರಿನಲ್ಲಿ ಕಲಸಿಟ್ಟರೆ ಮಲಗಿದ್ದ ಕಿಣ್ವಗಳು ಮರಳಿ ಎದ್ದು ಹಿಟ್ಟನ್ನೆಲ್ಲ ಸಿಹಿ ಮಾಡುತ್ತವೆ. ಆ ಸಿಹಿನೀರೇ ಬಿಯರಿನ ಮೂಲಧಾತು. ಉದುರಿದ ಒಣಬೇರುಗಳೂ, ಸಾರ ಕಳೆದ ಚರಟವೂ ದನಗಳ ಮೇವಿಗೆ. ಒಂದು ಹಿಡಿಯೂ ವ್ಯರ್ಥವಿಲ್ಲ.

ಒಂದೇ ಕಾಳು, ಹಲವು ಬಣ್ಣ

ರೈಲುನಿಲ್ದಾಣದ ಬಳಿಯಲ್ಲಿಯೇ ಕೆಂಪು ಇಟ್ಟಿಗೆಯ ಒಂದು ದೊಡ್ಡ ಕಟ್ಟಡಸಮೂಹ. ಅದು ವೈಯರ್‌ಮನ್ ಮಾಲ್ಟ್ ಕಾರ್ಖಾನೆ. ಯೋಹಾನ್ ಬಾಪ್ಟಿಸ್ಟ್ ವೈಯರ್‌ಮನ್ ಎಂಬವರು ೧೮೭೯ರಲ್ಲಿ ಇದನ್ನು ಆರಂಭಿಸಿದುದು ಬಿಯರಿಗಾಗಿ ಅಲ್ಲ, ಮಾಲ್ಟಿನ ಕಾಫಿಗಾಗಿ! ಕಾಫಿಬೀಜ ಕೊಳ್ಳಲಾರದ ಮನೆಗಳಲ್ಲಿ ಹುರಿದ ಮಾಲ್ಟನ್ನು ಪುಡಿಮಾಡಿ ಕುದಿಸಿ ಕುಡಿಯುತ್ತಿದ್ದ ಕಾಲವದು. ಹುರಿಯುವ ಒಂದು ಪೀಪಾಯಿಯಿಂದ ತೊಡಗಿದ ಆ ಉದ್ಯಮ ಈಗ ೮೦ಕ್ಕೂ ಹೆಚ್ಚು ಬಗೆಯ ಮಾಲ್ಟುಗಳನ್ನು ನೂರಕ್ಕೂ ಮಿಕ್ಕ ದೇಶಗಳಿಗೆ ಕಳುಹಿಸುತ್ತಿದೆ. ಸಂದರ್ಶಕರ ಒಂದು ಗುಂಪಿನೊಡನೆ ನಾವೂ ಒಳಹೊಕ್ಕೆವು. ಒಳಗೆ ಕಾಲಿಟ್ಟೊಡನೆ ಮೂಗಿಗೆ ತಾಗಿದ ಪರಿಮಳ, ನಮ್ಮ ಅಡುಗೆಮನೆಯಲ್ಲಿ ಹುರಿಹಿಟ್ಟಿಗಾಗಿ ರಾಗಿಯನ್ನು ಹುರಿಯುವಾಗ ಏಳುವ ಪರಿಮಳದ ಒಡಹುಟ್ಟು.

ಎಂಬತ್ತು ಬಗೆ ಎಂದರೆ ಎಂಬತ್ತು ಧಾನ್ಯಗಳಲ್ಲ. ಗೋಧಿ, ರೈ ಮೊದಲಾದವುಗಳ ಮಾಲ್ಟೂ ಇದೆಯಾದರೂ ಬಹುಪಾಲು ಬಾರ್ಲಿಯೇ. ವ್ಯತ್ಯಾಸವೆಲ್ಲ ನೀರಿನದು, ಬೆಂಕಿಯದು, ಕಾಲದ್ದು. ಮೊಳೆತ ಬಾರ್ಲಿಯನ್ನು ಮೊದಲು ಮೆಲ್ಲನೆ ಒಣಗಿಸಿ, ಕೊನೆಯಲ್ಲಿ ೮೦-೮೫ ಡಿಗ್ರಿಯವರೆಗೆ ಕಾಯಿಸಿದರೆ ಹುಲ್ಲುಬಣ್ಣದ ಪಿಲ್ಸ್‌ನರ್ ಮಾಲ್ಟ್. ಹೊಂಬಣ್ಣದ ತಿಳಿ ಬಿಯರುಗಳಿಗೆಲ್ಲ ಇದೇ ಆಧಾರ. ೯೦ ಡಿಗ್ರಿಯ ಆಸುಪಾಸಿಗೆ ಏರಿಸಿದರೆ ವಿಯೆನ್ನಾ ಮಾಲ್ಟ್. ಬಿಯರಿಗೆ ತಾಮ್ರದ ಛಾಯೆ. ನೂರು ಡಿಗ್ರಿಯನ್ನು ದಾಟಿಸಿದರೆ ಮ್ಯೂನಿಕ್ ಮಾಲ್ಟ್. ರೊಟ್ಟಿಯ ಹೊರಪದರದ ಕಂಪು, ಕಂದು ಬಣ್ಣ. ಬಿಸಿಯಲ್ಲಿ ಸಕ್ಕರೆಯೂ ಸಸಾರಜನಕದ ಅಂಶವೂ ಕೂಡಿ ಕಂದಾಗುವ ಈ ಕ್ರಿಯೆಯನ್ನು ೧೯೧೨ರಲ್ಲಿ ಮಯಾರ್ ಎಂಬ ಫ್ರೆಂಚ್ ವಿಜ್ಞಾನಿ ವಿವರಿಸಿದನು. ನಮ್ಮ ದೋಸೆಯ ಅಂಚು ಕೆಂಪಾಗುವುದೂ ಅದೇ ಕ್ರಿಯೆಯಿಂದ.

ಕ್ಯಾರಮೆಲ್ ಮಾಲ್ಟಿನ ವಿಧಾನ ಇನ್ನೂ ಸ್ವಾರಸ್ಯವಾದುದು. ಅಲ್ಲಿ ಮೊಳೆತ ಹಸಿಕಾಳನ್ನು ಒಣಗಿಸುವ ಮೊದಲೇ, ತೇವವನ್ನು ಹೊರಗೆ ಬಿಡದೆ, ೬೦-೭೦ ಡಿಗ್ರಿಯ ಬಿಸಿಯಲ್ಲಿ ಬೇಯಿಸುತ್ತಾರೆ. ಸಿಪ್ಪೆಯೊಳಗೇ ಹಿಟ್ಟು ಕರಗಿ ಪಾಕವಾಗುತ್ತದೆ. ಆಮೇಲೆ ಹೆಚ್ಚು ಶಾಖ ಕೊಟ್ಟಾಗ ಆ ಪಾಕ ಗಾಜಿನಂತೆ ಗಟ್ಟಿಯಾಗುತ್ತದೆ. ಕುಚ್ಚಲಕ್ಕಿಯನ್ನು ಬಲ್ಲ ನಮಗೆ ಇದು ಹೊಸತಲ್ಲ. ಅಲ್ಲಿಯೂ ಸಿಪ್ಪೆಯೊಳಗೇ ಬೇಯಿಸಿ ಒಣಗಿಸುವುದರಿಂದಲೇ ಅಕ್ಕಿಗೆ ಆ ಗಟ್ಟಿತನ. ಒಂದು ಕಾಳನ್ನು ಕಚ್ಚಿ ನೋಡಿದೆವು: ಕಟುಂ ಎಂದು ಒಡೆದು, ಬೆಲ್ಲದ ಮಿಠಾಯಿಯ ರುಚಿ ನಾಲಿಗೆಯ ಮೇಲೆ ನಿಂತಿತು.

ಕೊನೆಯದು, ಇನ್ನೂರು ಡಿಗ್ರಿಗೂ ಮೀರಿ ಪೀಪಾಯಿಯಲ್ಲಿ ಹುರಿದ ಕಪ್ಪು ಮಾಲ್ಟ್. ಇಂಗ್ಲೆಂಡಿನ ಡೇನಿಯಲ್ ವೀಲರ್ ಎಂಬವನು ೧೮೧೭ರಲ್ಲಿ ಕಾಫಿ ಹುರಿಯುವ ಯಂತ್ರವನ್ನು ಹೋಲುವ ಸಾಧನಕ್ಕೆ ಪೇಟೆಂಟ್ ಪಡೆದ ಮೇಲೆ ಪೋರ್ಟರ್ ಎಂಬ ಕರಿಯ ಬಿಯರಿನ ತಯಾರಿಕೆಯೇ ಬದಲಾಯಿತು. ಅಲ್ಲಿಯವರೆಗೆ ಕಂದು ಮಾಲ್ಟನ್ನೇ ರಾಶಿ ರಾಶಿಯಾಗಿ ಬಳಸಬೇಕಿತ್ತು. ಅನಂತರ ತಿಳಿ ಮಾಲ್ಟಿಗೆ ಒಂದಿಷ್ಟು ಕಪ್ಪು ಮಾಲ್ಟನ್ನು ಬೆರೆಸಿದರೆ ಸಾಕಾಯಿತು. ಐರಿಷ್ ಸ್ಟೌಟಿನ ಒಣಗಹಿ ಇದಕ್ಕಿಂತ ಬೇರೆ. ಅದು ಮೊಳೆಯಿಸದೆ ನೇರವಾಗಿ ಹುರಿದ ಬಾರ್ಲಿಯಿಂದ ಬರುವಂಥದು. ಇಲ್ಲಿ ನೆನಪಿಡಬೇಕಾದ ಒಂದು ಮಾತಿದೆ. ಹೆಚ್ಚು ಹುರಿದಂತೆ ಕಾಳಿನ ಕಿಣ್ವಗಳು ಸಾಯುತ್ತವೆ. ಕಪ್ಪು ಮಾಲ್ಟಿಗೆ ಬಣ್ಣವಿದೆ, ಬಲವಿಲ್ಲ. ಆದುದರಿಂದ ಎಷ್ಟೇ ಕರಿಯ ಬಿಯರಾದರೂ ಅದರ ಬಹುಪಾಲು ತಿಳಿ ಮಾಲ್ಟೇ ಆಗಿರುತ್ತದೆ. ಕಪ್ಪು ಮಾಲ್ಟು ಒಗ್ಗರಣೆಯ ಮಾತ್ರದ್ದು.

ಬೆಂಕಿ ಬದಲಾದ ಕಥೆ

ತಿಳಿ ಮಾಲ್ಟ್ ಯಾವಾಗಲೂ ಹೀಗೆ ಸುಲಭವಾಗಿ ದೊರೆಯುತ್ತಿತ್ತೆಂದು ಭಾವಿಸಬಾರದು. ಹಿಂದೆ ಯೂರೋಪಿನ ಬಹುಭಾಗದಲ್ಲಿ ಮಾಲ್ಟನ್ನು ಕಟ್ಟಿಗೆಯ ಬೆಂಕಿಯ ಮೇಲೆಯೇ ಒಣಗಿಸುತ್ತಿದ್ದರು. ಕಾಳು ಕಂದಾಗುತ್ತಿತ್ತು, ಜೊತೆಗೆ ಹೊಗೆಯ ವಾಸನೆಯನ್ನೂ ಹೀರುತ್ತಿತ್ತು. ಹೊಗೆಯ ರುಚಿ ಯಾರೂ ಬಯಸಿ ಹಾಕಿದ್ದಲ್ಲ, ತಪ್ಪಿಸಲಾಗದೆ ಬಂದದ್ದು. ೧೭ನೆಯ ಶತಮಾನದಲ್ಲಿ ಇಂಗ್ಲೆಂಡಿನವರು ಹೊಗೆಯಿಲ್ಲದ ಕೋಕ್ ಇದ್ದಿಲನ್ನು ಬಳಸಲಾರಂಭಿಸಿದರು. ಮುಂದೆ, ಹೊಗೆ ಕಾಳಿಗೆ ತಾಗದಂತೆ ಕೇವಲ ಬಿಸಿಗಾಳಿಯನ್ನು ಹಾಯಿಸುವ ಗೂಡುಗಳು ಬಂದವು.

ಮ್ಯೂನಿಕ್ಕಿನ ಗೇಬ್ರಿಯಲ್ ಸೆಡ್ಲ್‌ಮಯರ್ ಮತ್ತು ವಿಯೆನ್ನಾ ಬಳಿಯ ಶ್ವೆಖಾಟಿನ ಆಂಟನ್ ಡ್ರೇಹರ್ ಎಂಬ ಇಬ್ಬರು ತರುಣರು ೧೮೩೩ರಲ್ಲಿ ಈ ವಿದ್ಯೆಯನ್ನು ನೋಡಲು ಬ್ರಿಟನ್ನಿಗೆ ಹೋದರು. ಅಲ್ಲಿನ ಕಾರ್ಖಾನೆಗಳಲ್ಲಿ ಟೊಳ್ಳಾದ ಊರುಗೋಲಿನೊಳಗೆ ದ್ರವದ ಮಾದರಿಯನ್ನು ಗುಟ್ಟಾಗಿ ತುಂಬಿಕೊಂಡು ಬಂದು ಪರೀಕ್ಷಿಸುತ್ತಿದ್ದರೆಂಬ ಕಥೆ ಪ್ರಸಿದ್ಧವಾಗಿದೆ. ೧೮೪೧ರಲ್ಲಿ ವಿಯೆನ್ನಾದ ತಾಮ್ರವರ್ಣದ ಲಾಗರ್ ಹೊರಬಂದುದು ಆ ಪ್ರವಾಸದ ಫಲ. ಅದರ ಮರುವರ್ಷ, ೧೮೪೨ರಲ್ಲಿ, ಬೊಹೀಮಿಯಾದ ಪಿಲ್ಸೆನ್ ಪಟ್ಟಣದಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯನ್ ತಜ್ಞನು ಇಂಗ್ಲಿಷ್ ಪದ್ಧತಿಯಲ್ಲಿ ಒಣಗಿಸಿದ ತಿಳಿ ಮಾಲ್ಟ್, ಅಲ್ಲಿನ ಮೆದುನೀರು, ಝಾಟೆಟ್ಸ್ ಸೀಮೆಯ ಹಾಪ್ ಹೂಗಳು ಇವನ್ನು ಕೂಡಿಸಿ ಹೊಂಬಣ್ಣದ ಬಿಯರನ್ನು ಮಾಡಿದನು. ರೈಲುಮಾರ್ಗದ ಬೆನ್ನೇರಿ ಅದು ದೇಶದೇಶಗಳಿಗೆ ಹರಡಿತು. ಇಂದು ಜಗತ್ತಿನಲ್ಲಿ ಮಾರಾಟವಾಗುವ ಬಿಯರಿನ ಬಹುಪಾಲು ಅದರದೇ ವಂಶ. ಊರೂರುಗಳ ಹೊಗೆಗೂಡುಗಳು ತಣ್ಣಗಾದವು. ಯಾರೂ ನಿಷೇಧಿಸಲಿಲ್ಲ, ಬೇಡವಾಯಿತು, ಅಷ್ಟೆ.

ಎರಡು ಮನೆಗಳು

ಬಾಂಬೆರ್ಗಿನಲ್ಲಿ ಮಾತ್ರ ಎರಡು ಮನೆಗಳು ಹೊಗೆಯನ್ನು ಬಿಡಲಿಲ್ಲ. ಒಂದು, ಕೆಥೆಡ್ರಲ್ ಗುಡ್ಡದ ಬುಡದಲ್ಲಿರುವ ಶ್ಲೆಂಕರ್ಲಾ; ೧೪೦೫ರಷ್ಟು ಹಿಂದೆಯೇ ಆ ಮನೆಯ ಉಲ್ಲೇಖವಿದೆ. ಹಿಂದೊಬ್ಬ ಯಜಮಾನ ಕೈಕಾಲು ಬೀಸುತ್ತ ತೂರಾಡುವಂತೆ ನಡೆಯುತ್ತಿದ್ದುದರಿಂದ ಈ ಅಡ್ಡಹೆಸರು ಬಂತೆಂದು ಹೇಳುತ್ತಾರೆ. ಇನ್ನೊಂದು ನದಿಯಾಚೆಯ ಸ್ಪೆಟ್ಸಿಯಾಲ್. ಅದರ ಕಾಲ ೧೫೩೬. ಇವೆರಡೂ ತಮ್ಮ ಮಾಲ್ಟನ್ನು ಇಂದಿಗೂ ತಾವೇ ಮಾಡಿಕೊಳ್ಳುತ್ತವೆ. ಒಣಗಿಸುವುದು ಬೀಚ್ ಮರದ ಬೆಂಕಿಯ ಹೊಗೆಯಲ್ಲಿ. ಊರಿನ ಪಶ್ಚಿಮಕ್ಕೆ ಹಬ್ಬಿರುವ ಸ್ಟೈಗರ್‌ವಾಲ್ಡ್ ಕಾಡು ಬೀಚ್ ಮರಗಳಿಗೆ ಹೆಸರಾದುದು. ವರ್ಷಗಟ್ಟಲೆ ಒಣಗಿದ ಕೊರಡುಗಳನ್ನು ಗೂಡಿನ ಕೆಳಗೆ ಉರಿಸಿ, ಮೇಲೆ ಜಾಲರಿಯಲ್ಲಿ ಹರಡಿದ ಹಸಿಮಾಲ್ಟಿನ ಮೂಲಕ ಹೊಗೆಯನ್ನು ಹಾಯಿಸುತ್ತಾರೆ.

ಶ್ಲೆಂಕರ್ಲಾದ ತೊಲೆಗಳು ಹೊಗೆಯಿಂದ ಕಪ್ಪಾದವೆಂದು ತೋರುವಷ್ಟು ಹಳೆಯವು. ಕಡುಕಂದು ಬಣ್ಣದ ಬಿಯರನ್ನು ಮರದ ಪೀಪಾಯಿಯಿಂದ ನೇರವಾಗಿ ಬಸಿದು ಕೊಡುತ್ತಾರೆ. ನಮ್ಮ ಮೂವರಲ್ಲಿ ಒಬ್ಬರು ಮುಟ್ಟಲಿಲ್ಲ. ಇಬ್ಬರು ಒಂದೇ ಲೋಟವನ್ನು ಹಂಚಿಕೊಂಡು ರುಚಿ ನೋಡಿದೆವು. ಮೊದಲ ಗುಟುಕಿಗೆ ನೆನಪಾದುದು ಮಳೆಗಾಲದ ನಮ್ಮ ಮನೆಗಳು: ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗುವ ಕೊಬ್ಬರಿ, ರಬ್ಬರ್ ಹಾಳೆಗಳನ್ನು ತೂಗುಹಾಕಿದ ಹೊಗೆಗೂಡು, ಮರದ ಪೆಟ್ಟಿಗೆಯಿಂದ ತೆಗೆದ ಹಳೆಯ ಕಂಬಳಿ. ಹೊಸಬರಿಗೆ ಮೊದಲ ಲೋಟ ಹಿಡಿಸದು, ಮೂರನೆಯದು ಹಿಡಿಸಿದೀತು ಎಂಬ ಮಾತು ಆ ಊರಿನಲ್ಲಿ ಪ್ರಚಲಿತ. ನಾವು ಅರ್ಧಕ್ಕೇ ನಿಲ್ಲಿಸಿದೆವು. ಪರಿಮಳವನ್ನು ಮಾತ್ರ ಮರೆಯಲಾರೆವು.

ಕಟ್ಟಳೆಯ ವಿಷಯದಲ್ಲಿಯೂ ಈ ಊರು ಹಿಂದೆ ಬಿದ್ದುದಲ್ಲ. ಬಿಯರಿಗೆ ಬಾರ್ಲಿ, ಹಾಪ್, ನೀರು ಇವಿಷ್ಟೇ ಸಲ್ಲತಕ್ಕದ್ದೆಂಬ ಬವೇರಿಯಾದ ೧೫೧೬ರ ಶಾಸನ ಲೋಕಪ್ರಸಿದ್ಧ. ಆದರೆ ಬಾಂಬೆರ್ಗಿನ ಬಿಷಪ್ಪರು ಮಾಲ್ಟ್, ಹಾಪ್, ನೀರು ಮಾತ್ರ ಎಂದು ೧೪೮೯ರಲ್ಲಿಯೇ ಅಪ್ಪಣೆ ಕೊಡಿಸಿದ್ದರು. ಈ ಇಪ್ಪತ್ತೇಳು ವರ್ಷಗಳ ಹಿರಿತನವನ್ನು ಊರಿನವರು ಈಗಲೂ ಬಿಟ್ಟುಕೊಡುವುದಿಲ್ಲ.

ಜೋನಿಬೆಲ್ಲದಂಥ ಸಾರ

ಮಾಲ್ಟಿನ ಕಥೆ ಗೃಹಿಣಿಯರ ಕಪಾಟಿಗೆ ಬರುವುದು ಅದರ ಸಾರದ ರೂಪದಲ್ಲಿ. ಕಬ್ಬಿನ ಹಾಲನ್ನು ಕಾಯಿಸಿ ಜೋನಿಬೆಲ್ಲ ಮಾಡುವಂತೆ, ಮಾಲ್ಟಿನ ಸಿಹಿನೀರನ್ನು ಕುದಿಸಿ ಬತ್ತಿಸಿದರೆ ಮಾಲ್ಟಿನ ಸಾರ. ತೆರೆದ ಬಾಣಲೆಯಲ್ಲಿ ಕುದಿಸಿದರೆ ಬಣ್ಣ ಕಂದಿ ರುಚಿ ಕೆಡುವುದರಿಂದ ಗಾಳಿಯನ್ನು ಹೊರಗೆಳೆದ ಪಾತ್ರೆಯಲ್ಲಿ, ಕಡಮೆ ಶಾಖದಲ್ಲಿ ಆವಿ ಮಾಡುತ್ತಾರೆ. ನೂರರಲ್ಲಿ ಎಂಬತ್ತರಷ್ಟು ಘನಾಂಶವುಳ್ಳ ಗಟ್ಟಿಪಾಕ ಉಳಿಯುತ್ತದೆ. ಬಿಸಿಗಾಳಿಯಲ್ಲಿ ಸಿಂಪಡಿಸಿ ಇನ್ನೂ ಒಣಗಿಸಿದರೆ ಪುಡಿ. ಕ್ಯಾಪ್ಟನ್ ಕುಕ್ ೧೭೬೮ರಲ್ಲಿ ಎಂಡೆವರ್ ಹಡಗಿನಲ್ಲಿ ಹೊರಟಾಗ ನಾವಿಕರ ಸ್ಕರ್ವಿ ರೋಗಕ್ಕೆ ಮದ್ದೆಂದು ಮಾಲ್ಟನ್ನು ಒಯ್ದಿದ್ದನು. ಆ ರೋಗಕ್ಕೆ ಬೇಕಾದ ಸಿ ಜೀವಸತ್ವ ಅದರಲ್ಲಿ ಅತ್ಯಲ್ಪವೆಂಬುದು ಅನಂತರ ತಿಳಿದ ಮಾತು. ಸ್ವಿಟ್ಸರ್ಲೆಂಡಿನ ಬೆರ್ನ್ ನಗರದಲ್ಲಿ ಗಿಯೋರ್ಗ್ ವಾಂಡರ್ ೧೮೬೫ರಲ್ಲಿ ಮಾಲ್ಟಿನ ಸಾರವನ್ನು ಪೌಷ್ಟಿಕವೆಂದು ಸಿದ್ಧಪಡಿಸಿದನು. ೧೯೦೪ರಲ್ಲಿ ಅದರಿಂದಲೇ ಓವಲ್ಟೀನ್ ಹುಟ್ಟಿತು. ಅಮೆರಿಕೆಯಲ್ಲಿ ನೆಲಸಿದ ಹಾರ್ಲಿಕ್ ಸಹೋದರರು ಮಾಲ್ಟಿಗೆ ಹಾಲನ್ನು ಕೂಡಿಸಿದ ಪುಡಿಗೆ ೧೮೮೩ರಲ್ಲಿ ಪೇಟೆಂಟ್ ಪಡೆದರು. ಬಾಣಂತಿಗೂ ಪರೀಕ್ಷೆಗೆ ಓದುವ ಮಗುವಿಗೂ ನಮ್ಮ ತಾಯಂದಿರು ಬೆರೆಸಿಕೊಟ್ಟ ಆ ಪುಡಿಯೂ ಬಾಂಬೆರ್ಗಿನ ಲೋಟವೂ ಒಂದೇ ಮೊಳಕೆಯ ಎರಡು ಕವಲುಗಳೆಂದರೆ ಎಷ್ಟು ಜನ ನಂಬಿಯಾರು?

ಬಿಯರಿಗೂ ಈ ಸಾರ ಉಪಯುಕ್ತವೇ. ಅಮೆರಿಕೆಯಲ್ಲಿ ೧೯೨೦ರಿಂದ ೧೯೩೩ರವರೆಗೆ ಪಾನನಿಷೇಧವಿದ್ದಾಗ ಬಿಯರ್ ಕಂಪನಿಗಳು ರೊಟ್ಟಿಗೆಂಬ ಹೆಸರಿನಲ್ಲಿ ಮಾಲ್ಟಿನ ಪಾಕವನ್ನು ಡಬ್ಬಿಗಳಲ್ಲಿ ಮಾರಿದವು. ಕೊಂಡವರೆಲ್ಲ ರೊಟ್ಟಿಯನ್ನೇ ಸುಟ್ಟರೆಂದು ಹೇಳಲಾಗದು. ಬ್ರಿಟನ್ನಿನಲ್ಲಿ ೧೯೬೩ರಲ್ಲಿ ಮನೆಬಿಯರಿಗೆ ಪರವಾನಗಿ ಬೇಕೆಂಬ ಕಟ್ಟಳೆ ಹೋದ ಮೇಲೆ ಈ ಡಬ್ಬಿಗಳು ಹವ್ಯಾಸಿಗಳ ಕೈಗೆ ಬಂದವು. ಸಾರವನ್ನು ಬಳಸುವವರಿಗೆ ಮಾಲ್ಟನ್ನು ಒಡೆದು, ಕಲಸಿ, ಸೋಸುವ ಕೆಲಸ ತಪ್ಪುತ್ತದೆ. ತಿಳಿಸಾರವನ್ನು ತಳಹದಿಯಾಗಿಟ್ಟು, ಕ್ಯಾರಮೆಲ್ ಮಾಲ್ಟನ್ನೋ ಕಪ್ಪು ಮಾಲ್ಟನ್ನೋ ಬಿಸಿನೀರಿನಲ್ಲಿ ಅದ್ದಿ ತೆಗೆದ ಕಷಾಯವನ್ನು ಸೇರಿಸಿ ಬಗೆಬಗೆಯ ಬಣ್ಣ ರುಚಿಗಳನ್ನು ಪಡೆಯುತ್ತಾರೆ. ಅನುಕೂಲ ಬಹಳ; ಆದರೆ ಯಾವ ಮಾಲ್ಟ್, ಎಷ್ಟು ಬಿಸಿ ಎಂಬ ಮೊದಲ ತೀರ್ಮಾನಗಳನ್ನೆಲ್ಲ ಬೇರೆ ಯಾರೋ ಆಗಲೇ ಮಾಡಿ ಮುಗಿಸಿರುತ್ತಾರೆ.

ಗುಡ್ಡದ ಮೇಲಿನ ನೆಲಮಾಳಿಗೆ

ಫ್ರಾಂಕೋನಿಯದವರು ನೆಲಮಾಳಿಗೆಗೆ ‘ಇಳಿಯುವುದಿಲ್ಲ’, ‘ಹತ್ತುತ್ತಾರೆ.’ ಗುಡ್ಡದ ಮರಳುಗಲ್ಲನ್ನು ಕೊರೆದು ಮಾಡಿದ ಸುರಂಗಗಳಲ್ಲಿ ಬಿಯರನ್ನು ತಂಪಾಗಿಡುತ್ತಿದ್ದರು. ಅದರ ಮೇಲೆ ಚೆಸ್ಟ್‌ನಟ್ ಮರಗಳ ನೆರಳಿನಲ್ಲಿ ಬೆಂಚುಗಳನ್ನು ಹಾಕಿ ಜನ ಕೂರತೊಡಗಿದರು. ಅದೇ ‘ಕೆಲ್ಲರ್.’ ಅಜ್ಜ ಅಜ್ಜಿ, ಮಗ ಸೊಸೆ, ಮಕ್ಕಳೆಲ್ಲ ಸಂಜೆ ಬುತ್ತಿಯೊಡನೆ ಬರುತ್ತಾರೆ. ಮೇಜು ಯಾರೊಬ್ಬರ ಸ್ವತ್ತೂ ಅಲ್ಲ. ಜಾಗವಿದ್ದಲ್ಲಿ ಕೇಳಿ ಕೂರಬಹುದು.

ಹಾಗೆ ನಮ್ಮೆದುರು ಕುಳಿತವರು ಒಬ್ಬ ನಿವೃತ್ತ ಅಧ್ಯಾಪಿಕೆ. ನಾವು ಯಾವ ಊರಿನವರೆಂದು ಇಂಗ್ಲಿಷಿನಲ್ಲಿ ಕೇಳಿದರು. ವಿದೇಶೀಯರಿಗೆ ಈ ಪ್ರಶ್ನೆಗೆ ಉತ್ತರಿಸುವುದು ನಮಗೆ ಎಂದೂ ಸುಲಭವಲ್ಲ. ನಾವಿರುವ ರಾಜ್ಯ ಕೇರಳ, ಓದಿದ ಭಾಷೆ ಕನ್ನಡ, ಅಂಗಡಿಯಲ್ಲಿ ಮಲಯಾಳ, ಅಂಗಳದಲ್ಲಿ ತುಳು. ೧೯೫೬ರ ನವೆಂಬರ್ ೧ರಂದು ಗಡಿರೇಖೆ ಬದಲಾಯಿತು, ನಾವು ಇದ್ದಲ್ಲಿಯೇ ಇದ್ದೆವು ಎಂದು ವಿವರಿಸಲು ತೊಡಗಿದೆವು. ಆಕೆ ನಡುವೆಯೇ ತಲೆದೂಗಿದರು. ಬಾಂಬೆರ್ಗ್ ಶತಮಾನಗಳ ಕಾಲ ಬಿಷಪ್ಪರದೇ ಸ್ವತಂತ್ರ ಸಂಸ್ಥಾನವಾಗಿತ್ತು. ೧೮೦೨-೦೩ರಲ್ಲಿ ಅದು ಬವೇರಿಯಾಕ್ಕೆ ಸೇರಿತು. ಅಂದಿನಿಂದ ಇವರು ಆಡಳಿತಕ್ಕೆ ಬವೇರಿಯದವರು, ಮನಸ್ಸಿಗೆ ಫ್ರಾಂಕೋನಿಯದವರು. ಅವರ ಮಾತಿನ ಧಾಟಿ ಬೇರೆ, ಕೆಂಪು ಬಿಳುಪಿನ ಬಾವುಟ ಬೇರೆ. ಹೊರಗಿನವರು ಬವೇರಿಯಾ ಎಂದೊಡನೆ ಮ್ಯೂನಿಕ್ಕಿನ ಉಡುಗೆ, ಉತ್ಸವಗಳನ್ನೇ ನೆನೆಯುವುದು ಇವರಿಗೆ ಅಷ್ಟಾಗಿ ಸೇರದು.

ಹೊಗೆಯ ಮಾಲ್ಟ್ ಇಲ್ಲಿ ಮಾತ್ರ ಹೇಗೆ ಉಳಿಯಿತೆಂದು ಕೇಳಿದೆವು. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಎರಡು ಮನೆಯವರು ಗೂಡನ್ನು ಕೆಡವಲಿಲ್ಲ, ಸುತ್ತಲಿನವರು ಕುಡಿಯುವುದನ್ನು ಬಿಡಲಿಲ್ಲ ಎಂಬುದೇ ಆಕೆಯ ಉತ್ತರದ ಸಾರಾಂಶ.

ಆ ರಾತ್ರಿ ವಸತಿಗೆ ಹಿಂದಿರುಗಿದ ಮೇಲೆ ನಮ್ಮಲ್ಲಿ ಚರ್ಚೆ ನಡೆಯಿತು. ನಮ್ಮ ಸಂಗಾತಿಯೊಬ್ಬರ ಮೊಮ್ಮಗನನ್ನು ಬರುವ ಜೂನಿನಲ್ಲಿ ಶಾಲೆಗೆ ಸೇರಿಸಬೇಕು. ಕನ್ನಡ ವಿಭಾಗಕ್ಕೋ ಇಂಗ್ಲಿಷ್ ಶಾಲೆಗೋ ಎಂಬ ಪ್ರಶ್ನೆ ಆ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಗಡಿನಾಡಿನ ಯಾವ ಮನೆಯಲ್ಲಿ ತಾನೆ ಈ ಪ್ರಶ್ನೆ ಎದ್ದಿಲ್ಲ? ಎರಡು ಮನೆಯವರು ಗೂಡನ್ನು ಉಳಿಸಿಕೊಂಡರು ಸರಿ, ಅವರಿಗೆ ಕೊಳ್ಳುವವರಿದ್ದರು. ನಮ್ಮ ಮಗುವಿಗೆ ಮುಂದೆ ಅನ್ನ ಸಿಗಬೇಡವೆ ಎಂದು ಅವರೇ ವಾದಿಸಿದರು. ವಾದದಲ್ಲಿ ಹುರುಳಿರಲಿಲ್ಲವೆನ್ನಲಾರೆವು. ಇನ್ನೊಬ್ಬರು ವೈಯರ್‌ಮನ್ ಕಾರ್ಖಾನೆಯನ್ನು ನೆನಪಿಸಿದರು. ಅದೇ ಊರಿನ ಆ ಸಂಸ್ಥೆ ಹೊಸ ಯಂತ್ರಗಳನ್ನೆಲ್ಲ ಸ್ವೀಕರಿಸಿ, ಪಿಲ್ಸೆನ್ನಿಗೂ ವಿಯೆನ್ನಾಕ್ಕೂ ತಕ್ಕ ಮಾಲ್ಟನ್ನು ಮಾಡುತ್ತ, ಅದರ ಜೊತೆಯಲ್ಲಿಯೇ ಬೀಚ್ ಹೊಗೆಯ ಮಾಲ್ಟನ್ನೂ ಚೀಲದಲ್ಲಿ ತುಂಬಿ ಕಡಲಾಚೆಗೆ ಕಳುಹಿಸುತ್ತಿದೆ. ಹೊಗೆಯ ಬಿಯರ್ ಇಂದು ದೂರದ ದೇಶಗಳಲ್ಲಿಯೂ ತಯಾರಾಗುತ್ತದೆ. ಹೊಸದನ್ನು ಕಲಿಯುವುದಕ್ಕೆ ಹಳೆಯ ಗೂಡನ್ನು ಆರಿಸಲೇಬೇಕೆಂಬ ನಿಯಮವೇನೂ ಇಲ್ಲ ಎಂಬುದು ಅವರ ವಾದ. ಚರ್ಚೆ ಅಂದು ಮುಗಿಯಲಿಲ್ಲ.

ನಮ್ಮ ಮೊಳಕೆಗಳು

ನಮ್ಮ ನಾಡಿಗೂ ಮಾಲ್ಟಿಗೂ ಸಂಬಂಧವಿಲ್ಲವೆಂದಲ್ಲ. ನೀಲಗಿರಿಯ ಬಡಗರು ಹಿಂದೆ ತಮ್ಮ ಹೊಲಗಳಲ್ಲಿ ಬಾರ್ಲಿಯನ್ನೂ ಬೆಳೆಯುತ್ತಿದ್ದರು. ಆ ಬೆಟ್ಟಗಳಲ್ಲಿ ೧೮೫೭ರಲ್ಲಿ ಕ್ಯಾಸಲ್ ಬ್ರೂವರಿ ಆರಂಭವಾಯಿತು. ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ೧೯೧೫ರಲ್ಲಿ ಅದನ್ನೂ ದಕ್ಷಿಣದ ಇತರ ಕೆಲವನ್ನೂ ಕೂಡಿಸಿ ಯುನೈಟೆಡ್ ಬ್ರೂವರೀಸನ್ನು ಸ್ಥಾಪಿಸಿದನು. ೧೯೪೭ರಲ್ಲಿ ವಿಟ್ಠಲ ಮಲ್ಯರು ಅದರ ಮೊದಲ ಭಾರತೀಯ ನಿರ್ದೇಶಕರಾದರು. ಬೆಂಗಳೂರಿನ ಆ ಉದ್ಯಮದ ಒಂದು ಬೇರು ಹೀಗೆ ಗಡಿಯಾಚೆಯ ಬೆಟ್ಟದಲ್ಲಿದೆ.

ಅದಕ್ಕಿಂತ ನಮಗೆ ಹತ್ತಿರವಾದುದು ರಾಗಿಯ ಮೊಳಕೆ. ರಾಗಿಯನ್ನು ನೆನೆಯಿಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟು ಹಸುಳೆಗಳ ಆಹಾರವಾಗಿ ಮನೆಮನೆಯಲ್ಲಿ ಬಳಕೆಯಲ್ಲಿದೆ. ಇದೂ ಮಾಲ್ಟೇ. ಮೊಳಕೆಯ ಕಿಣ್ವಗಳು ಗಂಜಿಯನ್ನು ತೆಳುವಾಗಿಸುವುದರಿಂದ, ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಸಣ್ಣ ಹೊಟ್ಟೆಯ ಮಗುವಿಗೆ ಹೆಚ್ಚು ಸತ್ವ ಸಿಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಈ ವಿಷಯದ ಮೇಲೆ ಬೆಲೆಯುಳ್ಳ ಸಂಶೋಧನೆಗಳು ನಡೆದಿವೆ. ಶಾಖ ಮಿತಿಮೀರಿದರೆ ಕಿಣ್ವ ಸಾಯುವುದೆಂಬುದು ಇಲ್ಲಿಯೂ ಅನ್ವಯಿಸುವ ಮಾತು. ಪರಿಮಳಕ್ಕಾಗಿ ಕಪ್ಪಾಗುವಂತೆ ಹುರಿಯಬಾರದೆಂದು ಅಜ್ಜಿಯಂದಿರು ಹೇಳುತ್ತಿದ್ದುದರಲ್ಲಿ ತಥ್ಯವಿದೆ.

ಬಾಂಬೆರ್ಗಿಗೆ ಹೋಗಬಯಸುವವರಿಗೆ ಒಂದೆರಡು ಸೂಚನೆಗಳು. ನ್ಯೂರೆಂಬರ್ಗಿನಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ತಲಪಬಹುದು. ಊರೆಲ್ಲ ನಡೆದೇ ನೋಡುವಂಥದು. ಗುಡ್ಡ ಹತ್ತಲು ಗಟ್ಟಿಯಾದ ಪಾದರಕ್ಷೆ ಅಗತ್ಯ. ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟವಾದರೂ ಆಲೂಗಡ್ಡೆ, ಗಿಣ್ಣು, ತೋಟಗಾರರ ಕೇರಿಯ ತರಕಾರಿಗಳಿಂದ ಹೊಟ್ಟೆ ತುಂಬದೆ ಇರದು. ಸಂತ ಮೈಕೇಲರ ಗುಡ್ಡದ ಹಳೆಯ ಮಠದ ಮಾಳಿಗೆಯಲ್ಲಿ ಫ್ರಾಂಕೋನಿಯದ ಬಿಯರ್ ವಸ್ತುಸಂಗ್ರಹಾಲಯವಿದೆ. ಕುಡಿಯದವರೂ ನೋಡಬೇಕಾದ ಸ್ಥಳ. ಹಳೆಯ ಮಾಲ್ಟುಗಾರರ ಸಲಿಕೆ, ಜಾಲರಿ, ಪೀಪಾಯಿಗಳು ಅಲ್ಲಿವೆ.

ಕಟ್ಟಡಗಳನ್ನು ಕಾಪಾಡಲು ಯುನೆಸ್ಕೊದ ಪಟ್ಟಿಯಿದೆ, ಸರಕಾರದ ಹಣವಿದೆ. ಗೂಡಿನ ಬೆಂಕಿಯನ್ನು ಮಾತ್ರ ಪ್ರತಿ ಬಾರಿಯೂ ಯಾರಾದರೊಬ್ಬರು ಎದ್ದು ಹೊತ್ತಿಸಬೇಕು. ಅದನ್ನು ಮನೆಯವರಲ್ಲದೆ ಬೇರಾರೂ ಮಾಡಲಾರರು.